ಕಲ್ಲು ಬೀಳುವ ಮುನ್ನ ಗಡಿಯಾರ ನೋಡಿ

ಚಿತ್ರ ಚೆನ್ನಾಗಿತ್ತು. ಚುಕ್ಕೆಯೂ ನಿಜದ್ದೇ. ಆದರೂ ಗೆಳೆಯರೊಬ್ಬರು ರಾತ್ರಿಯಿಡೀ ಕೂತು ತೆಗೆದ ಕ್ಷುದ್ರಗ್ರಹದ ಅಳತೆಗಳೆಲ್ಲ (ಯಾವ ಕ್ಷಣದಲ್ಲಿ ಅದು ಆಕಾಶದ ಯಾವ ಜಾಗದಲ್ಲಿತ್ತು ಎಂಬ ಲೆಕ್ಕ) ಕಸದ ಬುಟ್ಟಿ ಸೇರಿದವು. ಅವರ ಕಂಪ್ಯೂಟರಿನ ಗಡಿಯಾರ ಹನ್ನೊಂದು ಸೆಕೆಂಡ್ ಹಿಂದಿತ್ತು. ಇಂಥ ಎಡವಟ್ಟುಗಳನ್ನು ನೋಡಿ ನೋಡಿ ಸಾಕಾಗಿ, ಭೂಮಿಗೆ ಬೀಳಲಿರುವ ಕಲ್ಲುಗಳನ್ನು ತಮ್ಮ ದೂರದರ್ಶಕದಿಂದ ಅಳೆಯಬಯಸುವ ಹವ್ಯಾಸಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಭೂಮಿಗೆ ಬಡಿಯುವ ಮೊದಲೇ ಕಣ್ಣಿಗೆ ಬಿದ್ದ ಮೊದಲ ಕ್ಷುದ್ರಗ್ರಹ 2008 ಟಿಸಿ3. ಗಾತ್ರ ಸುಮಾರು 4 ಮೀಟರ್. 2008ರ ಅಕ್ಟೋಬರ್ 6ರಂದು ಅಮೆರಿಕದ ಮೌಂಟ್ ಲೆಮನ್‌ನಲ್ಲಿ ರಿಚರ್ಡ್ ಕೊವಾಲ್ಸ್ಕಿ ಅದನ್ನು ಕಂಡರು. ಸುಮಾರು 20 ಗಂಟೆಗಳ ನಂತರ ಅದು ಸುಡಾನಿನ ಮರುಭೂಮಿಯ ಮೇಲೆ ಸಿಡಿಯಿತು. ಅಷ್ಟರೊಳಗೆ ಬೇರೆ ಬೇರೆ ವೀಕ್ಷಣಾಲಯಗಳಿಂದ 500ಕ್ಕೂ ಹೆಚ್ಚು ಅಳತೆಗಳು ಬಂದಿದ್ದವು. ಎಲ್ಲಿ ಹುಡುಕಬೇಕೆಂದು ಗೊತ್ತಿದ್ದುದರಿಂದ ತುಣುಕುಗಳೂ ಸಿಕ್ಕವು. 2014ರ ಜನವರಿ 1ರಂದು ಇದೇ ಕೊವಾಲ್ಸ್ಕಿ 2014 ಎಎ ಕಂಡಾಗ ಹಾಗಾಗಲಿಲ್ಲ. ಹೊಸ ವರ್ಷದ ರಾತ್ರಿ, ಬೇರೆ ಯಾರೂ ಅಳೆಯಲಿಲ್ಲ. ಏಳೇ ಅಳತೆಗಳನ್ನು ಬಿಟ್ಟು ಆ ಕಲ್ಲು ಅಟ್ಲಾಂಟಿಕ್ ಸಾಗರದ ಕಡೆ ಹೋಗಿಬಿಟ್ಟಿತು.

ಆದ್ದರಿಂದ ಮೊದಲ ಹಂತ: ಹೊಸ ಕಲ್ಲು ಹುಡುಕುವ ಹುಚ್ಚು ಬಿಡಿ. ಕ್ಯಾಟಲಿನಾ, ಅಟ್ಲಾಸ್, ಪ್ಯಾನ್‌ಸ್ಟಾರ್ಸ್ ಸರ್ವೆಗಳು ಪ್ರತಿ ರಾತ್ರಿ ಆಕಾಶವನ್ನು ಬಾಚುತ್ತಿವೆ. ಅವು ಕಂಡ ಅನುಮಾನಾಸ್ಪದ ಚುಕ್ಕೆಗಳನ್ನು, ಎಲ್ಲರ ಅಳತೆಗಳನ್ನೂ ಒಂದೆಡೆ ಸೇರಿಸುವ ಮೈನರ್ ಪ್ಲಾನೆಟ್ ಸೆಂಟರ್ ತನ್ನ ಜಾಲತಾಣದ ದೃಢೀಕರಣ ಪುಟದಲ್ಲಿ ಹಾಕುತ್ತದೆ. ನಿಮ್ಮ ಕೆಲಸ ಶುರುವಾಗುವುದು ಅಲ್ಲಿಂದ. ಮೊಬೈಲಿನಲ್ಲಿ ಸಿಗುವ 'ಕ್ಷುದ್ರಗ್ರಹ ಎಚ್ಚರಿಕೆ' ಆ್ಯಪ್‌ಗಳನ್ನು ನಂಬಿ ಕೂರಬೇಡಿ. ಅವು ತೋರಿಸುವುದು ಆಗಲೇ ಹೆಸರು ಪಡೆದವನ್ನು. ಬೀಳುವ ಕಲ್ಲಿಗೆ ಹೆಸರು ಬರುವಷ್ಟರಲ್ಲಿ ಅದು ಬಿದ್ದೇ ಹೋಗಿರಬಹುದು. 2022 ಇಬಿ5 ಕಂಡದ್ದಕ್ಕೂ ಬಿದ್ದದ್ದಕ್ಕೂ ನಡುವೆ ಇದ್ದದ್ದು ಸುಮಾರು ಎರಡು ಗಂಟೆ.

ಎರಡನೆಯದು ವೀಕ್ಷಣಾಲಯದ ಕೋಡ್. ಸಂಖ್ಯೆ ಪಡೆದ ಹಳೆಯ ಕ್ಷುದ್ರಗ್ರಹಗಳನ್ನು ಬೇರೆ ಬೇರೆ ರಾತ್ರಿ ಅಳೆದು ಆ ಸೆಂಟರಿಗೆ ಕಳಿಸಿ, ಅಳತೆ ಸರಿಯಿದ್ದರೆ ನೀವು ನೋಡುವ ಜಾಗವನ್ನು ಗುರುತಿಸುವ ಕೋಡ್ ಸಿಗುತ್ತದೆ.

ಮೂರನೆಯದು, ಎಲ್ಲಿ ನೋಡಬೇಕೆಂಬ ಲೆಕ್ಕ. ಅದನ್ನು ನಿಮ್ಮ ಕೋಡ್ ಕೊಟ್ಟೇ ತೆಗೆಯಿರಿ. ಭೂಮಿಯ ನಟ್ಟನಡುವಿನಿಂದ ನೋಡಿದಂತೆ ಹಾಕಿದ ಲೆಕ್ಕ ಹಿಡಿದು ಖಾಲಿ ಆಕಾಶ ನೋಡುತ್ತಾ ಕೂತವರನ್ನು ಬಲ್ಲೆ. ಚಂದ್ರನಷ್ಟು ದೂರದ ಕಲ್ಲು ಭೂಮಿಯ ಎರಡು ಬದಿಗಳಿಂದ ನೋಡಿದಾಗ ಸುಮಾರು ಎರಡು ಡಿಗ್ರಿ ಆಚೀಚೆ ಕಾಣುತ್ತದೆ. ದೂರದರ್ಶಕದ ನೋಟವಾದರೋ ಸಾಮಾನ್ಯವಾಗಿ ಒಂದು ಡಿಗ್ರಿಯೂ ಇರುವುದಿಲ್ಲ. ಇನ್ನೊಂದು ಮಾತು: ನಿಧಾನವಾಗಿ ಸರಿಯುವ ಚುಕ್ಕೆಯನ್ನು ಕಡೆಗಣಿಸಬೇಡಿ. ನೇರ ನಮ್ಮತ್ತ ಬರುವ ಚೆಂಡು ಅಕ್ಕಪಕ್ಕ ಹೆಚ್ಚು ಸರಿಯುವುದಿಲ್ಲವಲ್ಲ.

ಚಿತ್ರ ತೆಗೆಯುವುದು ಸುಲಭ. ಒಂದು ಎಕ್ಸ್‌ಪೋಷರಿನಲ್ಲಿ (ಕ್ಯಾಮೆರಾ ಒಮ್ಮೆ ಬೆಳಕು ಹಿಡಿಯುವ ಅವಧಿಯಲ್ಲಿ) ಕಲ್ಲು ತನ್ನ ಚುಕ್ಕೆಯ ಅಗಲಕ್ಕಿಂತ ಹೆಚ್ಚು ಸರಿಯಬಾರದು. ಚಿಕ್ಕ ಎಕ್ಸ್‌ಪೋಷರುಗಳನ್ನೇ ಹತ್ತಾರು ತೆಗೆದು, ಅದರ ಚಲನೆಗೆ ತಕ್ಕಂತೆ ಸರಿಸಿ ಒಟ್ಟುಗೂಡಿಸಿ. ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ತೆಗೆದಿಡಿ, ಅದು ಕಲ್ಲಿನ ಬೆಳಕನ್ನೂ ನುಂಗುತ್ತದೆ.

ಈಗ ಗಡಿಯಾರ. ಎಲ್ಲರೂ ಮುಗ್ಗರಿಸುವುದು ಇಲ್ಲಿಯೇ.

ನಿಮಿಷಕ್ಕೆ 60 ವಿಕಲೆ ಚಲಿಸುವ ಕಲ್ಲನ್ನು ಅಳೆಯುತ್ತಿದ್ದೀರಿ ಎನ್ನೋಣ (ಒಂದು ವಿಕಲೆ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು). ಸಮಯ ಒಂದು ಸೆಕೆಂಡ್ ತಪ್ಪಿದರೆ ಸ್ಥಾನ ಒಂದು ವಿಕಲೆ ತಪ್ಪುತ್ತದೆ. ಅಳತೆಗೆ ಆಧಾರವಾಗಿ ಬಳಸುವ ಗಾಯಾ ಉಪಗ್ರಹದ ನಕ್ಷತ್ರ ಪಟ್ಟಿ ಇದಕ್ಕಿಂತ ಸಾವಿರ ಪಟ್ಟು ನಿಖರ. ಅಂಥ ಪಟ್ಟಿ ಇಟ್ಟುಕೊಂಡು ಗಡಿಯಾರ ಕೆಡಿಸಿಕೊಂಡರೆ, ಚಿನ್ನದ ತಕ್ಕಡಿಯಲ್ಲಿ ಕೈ ಊರಿ ತೂಗಿದ ಹಾಗೆ.

ಇಂಟರ್ನೆಟ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ತಂತ್ರಾಂಶ ಹಾಕಿ, ವೀಕ್ಷಣೆಗೆ ಒಂದು ಗಂಟೆ ಮೊದಲೇ ಓಡಲು ಬಿಡಿ. ಕಂಪ್ಯೂಟರ್ ತಾನಾಗಿ ಯಾವಾಗಲೋ ಒಮ್ಮೆ ಸಮಯ ಸರಿಪಡಿಸಿಕೊಳ್ಳುವುದನ್ನು ನಂಬಬೇಡಿ. ಇಂಟರ್ನೆಟ್ ಇಲ್ಲದ ಕಡೆ ಜಿಪಿಎಸ್ ಬೇಕು. ಆದರೆ ಪೆನ್‌ಡ್ರೈವಿನಂಥ ಅಗ್ಗದ ಕಡ್ಡಿಗಳಲ್ಲಿ ಸೆಕೆಂಡಿಗೊಂದು ಮಿಡಿತ ಕೊಡುವ ತಂತಿಯೇ ಇರುವುದಿಲ್ಲ. ಸಮಯ ಕಂಪ್ಯೂಟರಿಗೆ ತಡವಾಗಿ ಬರುತ್ತದೆ, ಒಂದೊಂದು ಸಲ ಒಂದೊಂದು ಬಗೆಯಾಗಿ. ನನ್ನ ಮಾತು ಕೇಳುವುದಾದರೆ, ಅದನ್ನು ಕೊಳ್ಳಲೇಬೇಡಿ.

ಗಡಿಯಾರ ಸರಿಯಾದರೂ ಕ್ಯಾಮೆರಾ ಕೈಕೊಡಬಹುದು. ಚಿತ್ರದ ಕಡತದಲ್ಲಿ ಸಾಮಾನ್ಯವಾಗಿ ಬರೆದಿರುವುದು ಎಕ್ಸ್‌ಪೋಷರ್ ಶುರುವಾದ ಸಮಯ. ವರದಿಗೆ ಬೇಕಿರುವುದು ನಡುವಿನ ಸಮಯ, ಅದೂ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣಿತ ಸಮಯದಲ್ಲಿ. ಕೆಲವು ತಂತ್ರಾಂಶಗಳು ಕಡತ ಉಳಿಸಿದ ಹೊತ್ತನ್ನೇ ಬರೆದುಬಿಡುತ್ತವೆ. ಸಾಲು ಸಾಲಾಗಿ ಓದುವ ಸಿಮಾಸ್ ಕ್ಯಾಮೆರಾದಲ್ಲಿ ಮೇಲಿನ ಸಾಲಿನ ಸಮಯವೇ ಬೇರೆ, ಕೆಳಗಿನ ಸಾಲಿನದೇ ಬೇರೆ.

ಪರೀಕ್ಷಿಸುವ ಉಪಾಯ ಸೊಗಸಾಗಿದೆ. ಜಿಪಿಎಸ್ ಉಪಗ್ರಹವೊಂದರ ಚಿತ್ರ ತೆಗೆಯಿರಿ. ಅದು ಯಾವ ಕ್ಷಣದಲ್ಲಿ ಎಲ್ಲಿರುತ್ತದೆಂಬುದು ಬಹಳ ನಿಖರವಾಗಿ ಗೊತ್ತಿದೆ. ಸೆಕೆಂಡಿಗೆ ಹತ್ತಾರು ವಿಕಲೆ ಓಡುವುದರಿಂದ ನಿಮ್ಮ ಸಮಯ ಸೆಕೆಂಡಿನ ಹತ್ತನೇ ಒಂದು ಪಾಲು ತಪ್ಪಿದರೂ ಎದ್ದು ಕಾಣುತ್ತದೆ. ಪ್ರತಿ ರಾತ್ರಿ ಮೊದಲು ಇದನ್ನು ಮಾಡಿ, ಆಮೇಲೆ ಕಲ್ಲಿನ ಕಡೆ ತಿರುಗಿ.

ಚಿತ್ರದಲ್ಲಿ ಚುಕ್ಕೆಯ ಸ್ಥಾನ ಅಳೆಯಲು ಆಸ್ಟ್ರೋಮೆಟ್ರಿಕಾ ತಂತ್ರಾಂಶ ಸಾಕು. ಕಳಿಸುವ ಮುನ್ನ ಕಕ್ಷೆ ಲೆಕ್ಕ ಹಾಕುವ ಫೈಂಡ್ ಆರ್ಬ್‌ನಲ್ಲಿ ಹಾಕಿ, ನಿಮ್ಮ ಅಳತೆಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ಎಲ್ಲ ಅಳತೆಗಳೂ ಲೆಕ್ಕ ಹೇಳಿದ ಜಾಗಕ್ಕಿಂತ ಚಲನೆಯ ದಿಕ್ಕಿನಲ್ಲೇ ಮುಂದೆ ಅಥವಾ ಹಿಂದೆ ಬಿದ್ದಿದ್ದರೆ ಗಡಿಯಾರಕ್ಕೆ ಮರಳಿ. ಚುಕ್ಕೆ ಕಾಣದಿದ್ದರೆ ಅಂದಾಜಿನ ಮೇಲೆ ಏನನ್ನೂ ಕಳಿಸಬೇಡಿ.

ಕೊನೆಗೊಂದು ಸೂಚನೆ. ಕಲ್ಲು ಚೆನ್ನಾಗಿ ಕಾಣುತ್ತಿದ್ದು ಇದ್ದಕ್ಕಿದ್ದಂತೆ ಮಾಯವಾದರೆ ಫೋಕಸ್ ತಿರುಗಿಸಲು ಹೋಗಬೇಡಿ. ಅದು ಭೂಮಿಯ ನೆರಳಿಗೆ ಹೊಕ್ಕಿರಬಹುದು. 2008 ಟಿಸಿ3 ಹೀಗೆ ಆರಿದ ಸುಮಾರು ಒಂದು ಗಂಟೆಗೆ ಸುಡಾನಿನ ಆಕಾಶದಲ್ಲಿ ಮತ್ತೆ ಹೊತ್ತಿಕೊಂಡಿತು. ಅಷ್ಟರೊಳಗೆ ಉಳಿದ ಅಳತೆಗಳನ್ನು ಕಳಿಸಿಬಿಡಿ.