ಇಂಗ್ಲೆಂಡಿನ ಸಫೋಕ್‌ನ ಹಳ್ಳಿ ಪಬ್ಬಿನ ಓಕ್ ಕಂಬಗಳನ್ನು ಉಳಿಸಿದ್ದು

ಬುಡ ಕೊಳೆತ ಕಂಬವನ್ನು ಪೂರಾ ಕಿತ್ತು ಹಾಕು, ಇಲ್ಲವಾದರೆ ಉಕ್ಕಿನ ಆಸರೆ ಕೊಡು ಅಂತ ಇಬ್ಬರು ಕಂಟ್ರಾಕ್ಟರುಗಳು ಹೇಳಿದ್ದರು. ಬುಡದ ಎರಡೂವರೆ ಅಡಿ ಮಾತ್ರ ಕೊಯ್ದು ಓಕ್ ತುಂಡು ಕೂಡಿಸುತ್ತೇನೆ ಅಂದಾಗ ನಕ್ಕರು. ಮೂರು ಚಳಿಗಾಲ ದಾಟಿದೆ. ಆ ಸಂದಿಯಲ್ಲಿ ಈಗಲೂ ಬ್ಲೇಡ್ ತೂರುವುದಿಲ್ಲ.

ಪಬ್ಬು ಟ್ಯೂಡರ್ ಅರಸರ ಕಾಲದ್ದು, ಅಂದರೆ ನಾಲ್ಕೈದು ಶತಮಾನ ಹಳೆಯದು. ಕಂಬ, ತೊಲೆಗಳ ಮೇಲೆ ಹಳೆ ಬಡಗಿಗಳು ಕೊರೆದ ರೋಮನ್ ಅಂಕಿಗಳು ಇನ್ನೂ ಇವೆ, ನಾಲ್ಕಕ್ಕೆ IV ಅಲ್ಲ, ನಾಲ್ಕು ಗೆರೆ. ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಆಮೇಲೆ ಎಬ್ಬಿಸಿದ ಗುರುತು ಅದು. ಅವನ್ನು ಕಂಡ ದಿನ ಉಳಿ ಕೆಳಗಿಟ್ಟು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ.

ಕೆಡುಕು ಮಾಡಿದ್ದು ಸಿಮೆಂಟು. ಯಾರೋ ಸುಣ್ಣದ ಗಾರೆ ಕೆತ್ತಿ ಅದನ್ನು ಬಳಿದಿದ್ದರು. ಹೊಕ್ಕ ನೀರು ಆರಲು ದಾರಿಯಿಲ್ಲದೆ ಕಂಬಗಳ ಬುಡ ಕೂರುವ ಸಿಲ್ ತೊಲೆ ಕಾಫಿಪುಡಿಯ ಹಾಗೆ ಉದುರುತ್ತಿತ್ತು.

ಮೊದಲ ಕಂಬದಲ್ಲಿ ಸೋತೆ. ಹಸಿ ಓಕ್ ಅಗ್ಗ, ಉಳಿಗೂ ಮೆತ್ತಗೆ ಅಂತ ಅದರಲ್ಲೇ ಸ್ಕಾರ್ಫ್, ಅಂದರೆ ಎರಡು ತುಂಡುಗಳ ತುದಿಯನ್ನು ಒಂದರ ಮೇಲೊಂದು ಕೂರಿಸುವ ಸಂದಿ, ಕತ್ತರಿಸಿದೆ. ಬೇಸಿಗೆಯೊಳಗೆ ಸುಮಾರು 5 ಮಿ.ಮೀ. ಬಾಯಿ ಬಿಟ್ಟಿತು. ಸಾಲದ್ದಕ್ಕೆ ತಾತ್ಕಾಲಿಕವಾಗಿ ಬಿಗಿದ ಸಾದಾ ಕಬ್ಬಿಣದ ಬೋಲ್ಟು ಓಕ್‌ನ ಟ್ಯಾನಿನ್ ಎಂಬ ಒಗರು ರಸ ತಾಗಿ ಸುತ್ತ ಮಸಿ ಬಳಿದಂತಾಯಿತು. ಹತ್ತಿರ ಹತ್ತಿರ 900 ಪೌಂಡು, ಎರಡು ವಾರದ ದುಡಿಮೆ ನೀರುಪಾಲು.

ಆಮೇಲೆ ಕೆಡವಿದ ಕೊಟ್ಟಿಗೆಯೊಂದರ ಒಣಗಿದ ಓಕ್ ತೊಲೆ ಹುಡುಕಿದೆ. ಬೆಲೆ ಹಸಿಯದರ ದುಪ್ಪಟ್ಟು. ದಿನಕ್ಕೆ ನಾಲ್ಕೈದು ಸಲ ಉಳಿ ಮಸೆಯಬೇಕಾಯಿತು, ಆದರೆ ಕೂತ ಸಂದಿ ಅಲ್ಲಾಡಲಿಲ್ಲ. ಸಿಲ್‌ಗೆ ಇಳಿಯುವ ಟೆನನ್ನಿನ (ಕಂಬದ ತುದಿಯ ನಾಲಿಗೆ) ಗೂಟದ ತೂತನ್ನು, ಸಿಲ್ಲಿನ ತೂತಿಗಿಂತ 2-3 ಮಿ.ಮೀ. ಭುಜದ, ಅಂದರೆ ನಾಲಿಗೆಯ ಬುಡದ, ಕಡೆ ಸರಿಸಿ ಕೊರೆದೆ. ಸೀಳಿ ಮಾಡಿದ ಓಕ್ ಗೂಟ ಹೊಡೆದ ಹಾಗೆಲ್ಲ ಕಂಬ ತಾನಾಗಿ ಕೆಳಗೆ ಎಳೆದುಕೊಂಡಿತು. ಅಂಟಿಲ್ಲ, ಬೋಲ್ಟಿಲ್ಲ. ವಾಲಿದ ಕಂಬಕ್ಕೆ ಸ್ಕಾರ್ಫ್ ಗೆರೆ ಎಳೆಯುವ ಲೆಕ್ಕ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ತೀರ್ಥಹಳ್ಳಿ ಕಡೆಯ ನಮ್ಮಜ್ಜನದು, ಮನೆಯೊಳಗೇ ಇರಲಿ.

ಗೋಡೆಯಲ್ಲೂ ಒಂದು ಪ್ರಯೋಗ ಮಾಡಿದೆ. ಹೇಝಲ್ ಗಿಡದ ಕಡ್ಡಿ ಹೆಣೆದು ಜೇಡಿ, ಹುಲ್ಲು, ಸಗಣಿ ಮೆತ್ತುವುದು ಅಲ್ಲಿನ ಹಳೆಯ ಪದ್ಧತಿ. ಮೊದಲೆರಡು ಅಂಕಣ ಬಿರುಕು ಬಿಟ್ಟವು. ಸಗಣಿ ಹೆಚ್ಚಿಸಿ, ಕಲಸಿದ್ದನ್ನು ನಾಲ್ಕು ದಿನ ಹುಳಿಯಲು ಬಿಟ್ಟೆ. ಮೂರನೆಯದು ಕೂದಲೆಳೆಯಷ್ಟೂ ಸೀಳಲಿಲ್ಲ. ಊರಲ್ಲಿ ಅಮ್ಮ ಅಂಗಳ ಸಾರಿಸುತ್ತಿದ್ದ ಹದ ಕೈಗೆ ನೆನಪಿತ್ತು.

ಒಟ್ಟು ಏಳು ಕಂಬ. ಹೊಸ ತುಂಡುಗಳ ಒಳಮೈಯಲ್ಲಿ ಇಸವಿ ಕೊರೆದಿದ್ದೇನೆ. ಮೇಲಿನ ರೋಮನ್ ಅಂಕಿಗೆ ಸರಿಯಾಗಿ, ಕೆಳಗೆ ಅದೇ ಸಂಖ್ಯೆ ಕನ್ನಡದಲ್ಲಿ.