ಒಬ್ಬ ಆಟಗಾರನಿಗೆ ಒಂದು ಪುಟ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಎಕ್ಸೈಟ್ ಬಾಲ್‌ಪಾರ್ಕ್ 1942ರಲ್ಲಿ ಕಟ್ಟಿದ ಬೇಸ್‌ಬಾಲ್ ಮೈದಾನ. ಏಪ್ರಿಲ್ ತಿಂಗಳ ಸಂಜೆ ಏಳರ ಮೇಲೆ ಅಲ್ಲಿ ಚಳಿ ಶುರುವಾಗುತ್ತದೆ. ನಾನು ಹೋಮ್ ಪ್ಲೇಟ್‌ನ (ಬ್ಯಾಟರ್ ನಿಲ್ಲುವ ಜಾಗ) ಹಿಂದೆ, ಬಲೆಗೆ ಹತ್ತಿರದ ಸಾಲಿನಲ್ಲಿ, ಸ್ವೆಟರ್ ಹಾಕಿಕೊಂಡು ಕೂರುತ್ತೇನೆ. ತೊಡೆಯ ಮೇಲೆ ಬೆಂಗಳೂರಿನಿಂದ ತಂದ ಇನ್ನೂರು ಪುಟದ ಲಾಂಗ್ ನೋಟ್‌ಬುಕ್. ಒಬ್ಬ ಆಟಗಾರನಿಗೆ ಒಂದು ಪುಟ. ಏಳು ವರ್ಷದಿಂದ ಇದೇ ಪದ್ಧತಿ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಮೊದಲು ವ್ಯವಸ್ಥೆ ಹೇಳಿಬಿಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಮೇಲಿನ ತಂಡ, ಅದು ಆಡುವುದು ಮೇಜರ್ ಲೀಗ್‌ನಲ್ಲಿ. ಅದಕ್ಕೆ ಆಟಗಾರರನ್ನು ತಯಾರು ಮಾಡಿ ಕೊಡುವ ನಾಲ್ಕು ಮೈನರ್ ಲೀಗ್ ತಂಡಗಳು ಕೆಳಗಿವೆ. ಕೆಳಗಿನಿಂದ ಹೇಳುವುದಾದರೆ ಸ್ಯಾನ್ ಹೋಸೆ, ಆರೆಗನ್‌ನ ಯೂಜೀನ್, ವರ್ಜೀನಿಯಾದ ರಿಚ್ಮಂಡ್, ಕೊನೆಗೆ ಸ್ಯಾಕ್ರಮೆಂಟೊ. ಸ್ಯಾನ್ ಹೋಸೆಗಿಂತ ಕೆಳಗೆ ಅರಿಝೋನಾದಲ್ಲಿ ಮತ್ತು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹೊಸಬರ ತಂಡಗಳಿವೆ. ಹುಡುಗ ಒಂದೊಂದೇ ಮೆಟ್ಟಿಲು ಹತ್ತಿ ಬರಬೇಕು.

ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಚಿನ್ನಸ್ವಾಮಿಯಲ್ಲಿ ರಣಜಿ ಪಂದ್ಯ ನೋಡುತ್ತಿದ್ದೆ. ಹಾಗಾಗಿ ಇದೂ ರಣಜಿ ಇದ್ದ ಹಾಗೆ ಅಂದುಕೊಂಡಿದ್ದೆ. ಅದು ತಪ್ಪು. ರಣಜಿಯಲ್ಲಿ ಕರ್ನಾಟಕ ಗೆಲ್ಲಬೇಕು, ಅಷ್ಟೇ. ಇಲ್ಲಿ ತಂಡದ ಗೆಲುವಿಗಿಂತ ಹುಡುಗ ಕಲಿಯುವುದು ದೊಡ್ಡದು. ತಂಡ ಗೆಲ್ಲುತ್ತಿರುವಾಗಲೇ ಅದರ ಅತ್ಯುತ್ತಮ ಬ್ಯಾಟರ್‌ನನ್ನು ಮೇಲಕ್ಕೆ ಕರೆಸಿಕೊಂಡುಬಿಡುತ್ತಾರೆ. ಪಿಚರ್ ಚೆನ್ನಾಗಿ ಎಸೆಯುತ್ತಿದ್ದರೂ ಅವನಿಗೆ ಹಾಕಿಟ್ಟ ಎಸೆತದ ಲೆಕ್ಕ ಮುಗಿದರೆ ಹೊರಗೆ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದಿಡೀ ಋತು ಬೇಕಾಯಿತು.

ನಾನು ಶುರು ಮಾಡಿದ್ದು 2019ರಲ್ಲಿ, ಜೋಯಿ ಬಾರ್ಟ್‌ನನ್ನು ನೋಡಲು. 2018ರ ಡ್ರಾಫ್ಟ್‌ನಲ್ಲಿ, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಇಡೀ ದೇಶಕ್ಕೆ ಎರಡನೆಯವನಾಗಿ ಆಯ್ಕೆಯಾದ ಕ್ಯಾಚರ್ (ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವವನು) ಅವನು. ಜೈಂಟ್ಸ್‌ನ ಹೆಸರಾಂತ ಕ್ಯಾಚರ್ ಬಸ್ಟರ್ ಪೋಸಿಯ ಜಾಗ ತುಂಬುವವನು ಅಂತ ಎಲ್ಲರೂ ಹೇಳುತ್ತಿದ್ದರು. ಪೋಸಿ ಕೂಡ 2009ರಲ್ಲಿ ಸ್ಯಾನ್ ಹೋಸೆಯಲ್ಲೇ ಆಡಿದ್ದವನು. ಆದರೆ ಏಪ್ರಿಲ್‌ನಲ್ಲೇ ಚೆಂಡು ಬಡಿದು ಬಾರ್ಟ್‌ನ ಎಡಗೈ ಮೂಳೆ ಮುರಿಯಿತು. ಜೂನ್‌ವರೆಗೆ ಅವನಿಲ್ಲ. ಅದೇ ವರ್ಷದ ಕೊನೆಗೆ ಅರಿಝೋನಾದಲ್ಲಿ ಇನ್ನೊಂದು ಚೆಂಡು ಬಲಗೈ ಹೆಬ್ಬೆರಳಿಗೆ ಬಡಿಯಿತು. ಅವನಿಗಾಗಿ ಹೋದವನು ನಾನು ಹೆಚ್ಚು ಹೊತ್ತು ನೋಡಿದ್ದು ಅದೇ ತಂಡದಲ್ಲಿದ್ದ ಹತ್ತೊಂಬತ್ತರ ಹುಡುಗ ಹೀಲಿಯೊಟ್ ರಾಮೋಸ್‌ನನ್ನು. ರಾಮೋಸ್ ಮೇಜರ್ ಲೀಗ್‌ಗೆ ಬಂದದ್ದು 2022ರಲ್ಲಿ. ಆ ವರ್ಷ ಸ್ಯಾಕ್ರಮೆಂಟೊದಲ್ಲಿ ಅವನ ಬ್ಯಾಟಿಂಗ್ ತೀರಾ ಸಪ್ಪೆ. ಆಸೆ ಬಿಟ್ಟವರು ಬಹಳ ಜನ. 2024ರಲ್ಲಿ ಅವನು ಆಲ್‌ಸ್ಟಾರ್ ಆದ, ಅಂದರೆ ಆ ವರ್ಷದ ಶ್ರೇಷ್ಠ ಆಟಗಾರರ ಪಂದ್ಯಕ್ಕೆ ಆಯ್ಕೆಯಾದ. ಅದೇ 2024ರ ಏಪ್ರಿಲ್‌ನಲ್ಲಿ ಬಾರ್ಟ್‌ನನ್ನು ಪಿಟ್ಸ್‌ಬರ್ಗ್ ತಂಡಕ್ಕೆ ಕೊಟ್ಟುಬಿಟ್ಟರು.

ಮೊದಲ ವರ್ಷ ನಾನು ಬರೀ ಅಂಕಿ ಬರೆಯುತ್ತಿದ್ದೆ. ಸರಾಸರಿ, ಹೋಮ್ ರನ್ (ಬೇಲಿ ದಾಟುವ ಹೊಡೆತ), ಪಿಚರ್ ಬಿಟ್ಟುಕೊಟ್ಟ ರನ್. ಜಾಸ್ತಿ ಹೊಡೆದವನೇ ದೊಡ್ಡವನು ಅಂತ ನಂಬಿದ್ದೆ. ಆಗ ಸ್ಯಾನ್ ಹೋಸೆ ಆಡುವ ಈ ಲೀಗ್‌ನಲ್ಲಿ ಲ್ಯಾಂಕಾಸ್ಟರ್ ಎಂಬ ಮರುಭೂಮಿ ಊರಿನ ಮೈದಾನವೂ ಇತ್ತು. ಅಲ್ಲಿ ಗಾಳಿ ಎಷ್ಟು ಜೋರು ಅಂದರೆ ಸಾಧಾರಣ ಹೊಡೆತವೂ ಬೇಲಿ ದಾಟುತ್ತಿತ್ತು. ಅಲ್ಲಿ ಒಂದು ವಾರ ಆಡಿ ಬಂದ ಬ್ಯಾಟರ್‌ನ ಅಂಕಿ ಉಬ್ಬಿರುತ್ತಿತ್ತು. ಎಲ್ಲಿ ಆಡಿದ ಅನ್ನುವುದನ್ನು ನೋಡದೆ ಅಂಕಿಯನ್ನು ನಂಬಬಾರದು ಅಂತ ಆಗ ತಿಳಿಯಿತು.

ಅದಕ್ಕಿಂತ ದೊಡ್ಡದು ವಯಸ್ಸು. ಈಗ ನನ್ನ ಪ್ರತಿ ಪುಟದ ಮೇಲ್ತುದಿಯಲ್ಲಿ ಹೆಸರಿನ ಪಕ್ಕ ಹುಟ್ಟಿದ ತಿಂಗಳು, ವರ್ಷ ಇರುತ್ತದೆ. ಸ್ಯಾನ್ ಹೋಸೆಯ ಹಂತದಲ್ಲಿ ಸಾಮಾನ್ಯವಾಗಿ ಇಪ್ಪತ್ತು, ಇಪ್ಪತ್ತೊಂದರ ಹುಡುಗರು. ಅಲ್ಲಿ ಇಪ್ಪತ್ಮೂರರವನು ಚೆನ್ನಾಗಿ ಆಡಿದರೆ ಅದು ಅವನು ಮಾಡಲೇಬೇಕಾದ ಕೆಲಸ. ಹದಿನೆಂಟರವನು ಸುಮಾರಾಗಿ ಆಡಿದರೂ ನಾನು ನೆಟ್ಟಗೆ ಕೂತು ನೋಡುತ್ತೇನೆ. 2024ರಲ್ಲಿ ಬ್ರೈಸ್ ಎಲ್ಡ್ರಿಜ್ ಅಂತ ಎತ್ತರದ ಹುಡುಗ ಸ್ಯಾನ್ ಹೋಸೆಯಲ್ಲಿ ಶುರು ಮಾಡಿ, ಅದೇ ಋತುವಿನಲ್ಲಿ ನಾಲ್ಕೂ ಮೆಟ್ಟಿಲು ಹತ್ತಿ ಸ್ಯಾಕ್ರಮೆಂಟೊ ಮುಟ್ಟಿದ. ಆಗ ಅವನಿಗೆ ಹತ್ತೊಂಬತ್ತು. 2025ರ ಸೆಪ್ಟೆಂಬರ್‌ನಲ್ಲಿ ಮೇಲಿನ ತಂಡಕ್ಕೂ ಬಂದ.

ಆದರೆ ವಯಸ್ಸೂ ಪೂರ್ತಿ ಕಥೆ ಹೇಳುವುದಿಲ್ಲ. ಇದನ್ನು ನನಗೆ ಕಲಿಸಿದ್ದು 2021ರ ತಂಡ.

2020ರಲ್ಲಿ ಕೊರೊನಾದಿಂದ ಮೈನರ್ ಲೀಗ್ ಒಂದೂ ಪಂದ್ಯ ಆಡಲಿಲ್ಲ. ಮರುವರ್ಷ ಇಡೀ ವ್ಯವಸ್ಥೆಯನ್ನೇ ಬದಲಿಸಿದರು. 160 ತಂಡಗಳು 120 ಆದವು. ಸ್ಯಾನ್ ಹೋಸೆ ಒಂದು ಮೆಟ್ಟಿಲು ಕೆಳಗಿಳಿಯಿತು. ಅದರಿಂದ ನಮಗೆ ಇನ್ನೂ ಎಳೆಯ ಹುಡುಗರು ಸಿಕ್ಕರು. ಆ ಬೇಸಿಗೆ ಒಂದೇ ಮೈದಾನದಲ್ಲಿ ಮಾರ್ಕೊ ಲೂಸಿಯಾನೊ, ಲೂಯಿಸ್ ಮಾಟೋಸ್, ಕೇಸಿ ಶ್ಮಿಟ್, ಕೈಲ್ ಹ್ಯಾರಿಸನ್. ಲೀಗ್ ಚಾಂಪಿಯನ್‌ಶಿಪ್ ಕೂಡ ಗೆದ್ದರು. ಪಿಚರ್ ಚೆಂಡು ಎಸೆಯಲು ಹದಿನೈದು ಸೆಕೆಂಡಿನ ಗಡಿಯಾರ ಇಟ್ಟು ಪ್ರಯೋಗ ಮಾಡಿದ್ದೂ ಅದೇ ವರ್ಷ, ನಮ್ಮ ಲೀಗ್‌ನಲ್ಲೇ. 2023ರಲ್ಲಿ ಮೇಜರ್ ಲೀಗ್‌ಗೆ ಪಿಚ್ ಗಡಿಯಾರ ಬಂದಾಗ ನನಗೆ ಅದು ಹಳೆಯ ಪರಿಚಯ.

ಲೂಸಿಯಾನೊಗೆ ಹತ್ತೊಂಬತ್ತು. 70 ಪಂದ್ಯದಲ್ಲಿ 18 ಹೋಮ್ ರನ್. ಅವನ ಬ್ಯಾಟಿನಿಂದ ಬರುವ ಸದ್ದೇ ಬೇರೆ, ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತಿತ್ತು. ಮಾಟೋಸ್‌ಗೂ ಹತ್ತೊಂಬತ್ತು. .313 ಸರಾಸರಿ, ಅಂದರೆ ಸಾವಿರ ಸಲ ಬ್ಯಾಟ್ ಮಾಡಿದರೆ 313 ಹಿಟ್ ಲೆಕ್ಕ. ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವನಿಗೇ. ಮಾಟೋಸ್‌ನ ಪುಟದಲ್ಲಿ ನಾನು ಜುಲೈನಲ್ಲಿ ಒಂದು ಸಾಲು ಬರೆದಿದ್ದೆ: "ಏನೇ ಹಾಕಿದರೂ ಬೀಸುತ್ತಾನೆ, ಎಲ್ಲದಕ್ಕೂ ಬ್ಯಾಟ್ ತಾಗುತ್ತದೆ." ಬರೆದೆ, ಆದರೆ ಅದರ ಅರ್ಥ ಏನು ಅಂತ ಯೋಚಿಸಲಿಲ್ಲ. ಮುಂದಿನ ವರ್ಷ ಯೂಜೀನ್‌ನಲ್ಲಿ ಅವನ ಸರಾಸರಿ .211. ಗಾಯವೂ ಆಯಿತು, ನಿಜ. ಆದರೆ ಮೇಲಿನ ಹಂತದ ಪಿಚರ್‌ಗಳು ಅವನಿಗೆ ಒಳ್ಳೆಯ ಚೆಂಡು ಹಾಕುವ ಅಗತ್ಯವೇ ಇರಲಿಲ್ಲ. ಕೆಟ್ಟ ಚೆಂಡಿಗೂ ಬ್ಯಾಟ್ ತಾಗಿಸುತ್ತಾನೆ, ಬಲವಿಲ್ಲದ ಹೊಡೆತ ಬರುತ್ತದೆ, ಔಟ್. ಉತ್ತರ ನನ್ನ ಪುಟದಲ್ಲೇ ಇತ್ತು, ಅಲ್ವಾ? ಅಲ್ಲಿಂದ ನಾನು ಬ್ಯಾಟರ್ ಹೊಡೆದ ಚೆಂಡಿಗಿಂತ ಬಿಟ್ಟ ಚೆಂಡನ್ನು ಎಣಿಸಲು ಶುರು ಮಾಡಿದೆ.

ಶ್ಮಿಟ್ ಇದಕ್ಕೆ ಪೂರ್ತಿ ಉಲ್ಟಾ. ಆ ವರ್ಷ ಅವನ ಬ್ಯಾಟಿಂಗ್ ಅಷ್ಟಕ್ಕಷ್ಟೇ. ಆದರೆ ಮೂರನೇ ಬೇಸ್ ಬಳಿ ಫೀಲ್ಡಿಂಗ್ ಮಾಡುವಾಗ ಅವನ ಕೈ ನೋಡಬೇಕಿತ್ತು. ಚೆಂಡು ಪುಟಿಯುವ ಮೊದಲೇ ಅವನು ಅಲ್ಲಿರುತ್ತಿದ್ದ. ಎಸೆತ ಹಗ್ಗ ಎಳೆದ ಹಾಗೆ ನೇರ. ನೂರಾರು ಪುಟ ಅಂಕಿ ಓದಿದರೂ ಇದು ಕಾಣುವುದಿಲ್ಲ. ಲೂಸಿಯಾನೊಗಿಂತ ಮೊದಲು ಮೇಲಿನ ತಂಡಕ್ಕೆ ಬಂದವನು ಅವನೇ. 2023ರ ಮೇನಲ್ಲಿ ಮೊದಲ ಪಂದ್ಯದಲ್ಲೇ ಹೋಮ್ ರನ್ ಹೊಡೆದ. ಎಲ್ಲರ ಪಟ್ಟಿಯಲ್ಲೂ ಮೊದಲಿದ್ದ ಲೂಸಿಯಾನೊಗೆ ಮಾತ್ರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆ ಸಿಗಲೇ ಇಲ್ಲ. ಆ ಸದ್ದು ನೆನಪಾದಾಗ ಈಗಲೂ ಬೇಸರವಾಗುತ್ತದೆ.

ಈಗ ನಾನು ನೋಡುವ ಬಗೆ ಹೇಳುತ್ತೇನೆ. ಒಂದು ಸಂಜೆಗೆ ಇಬ್ಬರನ್ನು ಮಾತ್ರ ಆರಿಸಿಕೊಳ್ಳುತ್ತೇನೆ. ಎಲ್ಲರನ್ನೂ ನೋಡಲು ಹೋದರೆ ಯಾರನ್ನೂ ನೋಡಿದಂತಾಗುವುದಿಲ್ಲ. 2021ರಿಂದ ಒಂದೇ ಎದುರಾಳಿಯ ಜೊತೆ ಮಂಗಳವಾರದಿಂದ ಭಾನುವಾರದವರೆಗೆ ಆರು ಪಂದ್ಯ, ಸೋಮವಾರ ರಜೆ. ನನಗೆ ಇದು ಬಹಳ ಅನುಕೂಲ. ಮಂಗಳವಾರ ಒಬ್ಬ ಬ್ಯಾಟರ್‌ನನ್ನು ನೋಡಿ, ಶನಿವಾರ ಮತ್ತೆ ಅವನನ್ನೇ ನೋಡುತ್ತೇನೆ. ಅಷ್ಟರಲ್ಲಿ ಎದುರಾಳಿಗಳು ಅವನ ದೌರ್ಬಲ್ಯ ಹಿಡಿದಿರುತ್ತಾರೆ. ಆರಂಭದಲ್ಲಿ ಒಳಗೆ ಬರುವ ವೇಗದ ಚೆಂಡು ಹಾಕಿದವರು ವಾರಾಂತ್ಯಕ್ಕೆ ಬರೀ ಪಕ್ಕಕ್ಕೆ ತಿರುಗುವ ಸ್ಲೈಡರ್ ಹಾಕುತ್ತಿರುತ್ತಾರೆ. ಹುಡುಗ ಅದಕ್ಕೆ ಏನು ಮಾಡಿದ ಅನ್ನುವುದೇ ನನ್ನ ಪುಟಕ್ಕೆ ಬೇಕಾದದ್ದು.

ಮೊಬೈಲ್‌ನ ಸ್ಟಾಪ್‌ವಾಚ್ ಕೈಯಲ್ಲಿರುತ್ತದೆ. ಬ್ಯಾಟಿಗೆ ಚೆಂಡು ತಾಗಿದಾಗ ಒತ್ತಬೇಕು, ಕಾಲು ಮೊದಲ ಬೇಸ್ ಮುಟ್ಟಿದಾಗ ಮತ್ತೆ ಒತ್ತಬೇಕು. ಬಲಗೈ ಬ್ಯಾಟರ್ 4.3 ಸೆಕೆಂಡಿನಲ್ಲಿ ಮುಟ್ಟಿದರೆ ಸರಾಸರಿ ಓಟ. ಎಡಗೈಯವನು ಬೇಸ್‌ಗೆ ಒಂದು ಹೆಜ್ಜೆ ಹತ್ತಿರ ನಿಂತಿರುತ್ತಾನೆ, ಅವನಿಗೆ 4.2. ಕ್ಯಾಚರ್ ಆದರೆ ಚೆಂಡು ಅವನ ಗ್ಲೌಸ್‌ಗೆ ಬಿದ್ದದ್ದರಿಂದ ಎರಡನೇ ಬೇಸ್‌ನವನ ಗ್ಲೌಸ್ ಸೇರುವವರೆಗೆ ಅಳೆಯಬೇಕು. ಎರಡು ಸೆಕೆಂಡು ಸರಾಸರಿ. 2021ರಲ್ಲಿ ಪ್ಯಾಟ್ರಿಕ್ ಬೇಯ್ಲಿ ಯೂಜೀನ್‌ನಲ್ಲಿ ಎಡವಿ ಸ್ಯಾನ್ ಹೋಸೆಗೆ ಇಳಿದು ಬಂದಾಗ ನಾನು ಬ್ಯಾಟಿಂಗ್ ಬಿಟ್ಟು ಅವನು ಚೆಂಡು ಹಿಡಿಯುವುದನ್ನೇ ನೋಡುತ್ತಾ ಕೂತಿದ್ದೆ. ಗ್ಲೌಸ್ ಅಲ್ಲಾಡುತ್ತಲೇ ಇರಲಿಲ್ಲ. 2024ರಲ್ಲಿ ಅವನಿಗೆ ಅತ್ಯುತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಸಿಕ್ಕಿತು.

ಪಿಚರ್‌ಗಳ ವಿಷಯದಲ್ಲಿ ನಾನು ಮೊದಲ ಇನ್ನಿಂಗ್ಸ್‌ನ (ಇಲ್ಲಿ ಮೂರು ಔಟ್‌ಗೆ ಒಂದು ಇನ್ನಿಂಗ್ಸ್) ವೇಗ ಬರೆದು, ನಾಲ್ಕನೆಯದರಲ್ಲಿ ಮತ್ತೆ ಬರೆಯುತ್ತೇನೆ. ಹೋಮ್ ಪ್ಲೇಟ್ ಹಿಂದೆ ಕೂರುವುದರ ಇನ್ನೊಂದು ಲಾಭ ಇಲ್ಲಿದೆ. ಆ ದಿನ ಎಸೆಯದ ಪಿಚರ್‌ಗಳು ಹಲವು ಸಲ ಅಲ್ಲೇ ಕೂತು ತಮ್ಮ ಜೊತೆಗಾರನ ಪ್ರತಿ ಎಸೆತವನ್ನೂ ಚಾರ್ಟ್ ಮಾಡುತ್ತಿರುತ್ತಾರೆ. ಬೇರೆ ತಂಡದ ಸ್ಕೌಟ್‌ಗಳು (ಪ್ರತಿಭೆ ಹುಡುಕುವವರು) ವೇಗ ಅಳೆಯುವ ರೇಡಾರ್ ಗನ್ ಹಿಡಿದಿರುತ್ತಾರೆ. ನಾನು ಅವರ ಕೆಲಸಕ್ಕೆ ಅಡ್ಡ ಬರುವುದಿಲ್ಲ, ಮಾತಾಡಿಸುವುದೂ ಇಲ್ಲ. ಆದರೆ ಯಾವಾಗ ಎಲ್ಲ ಗನ್‌ಗಳೂ ಒಟ್ಟಿಗೆ ಮೇಲೇಳುತ್ತವೆ ಅಂತ ಗಮನಿಸುತ್ತೇನೆ.

ಹೊರಡುವ ಮೊದಲು ತಂಡದ ಬದಲಾವಣೆಗಳ ಪಟ್ಟಿ ನೋಡುವುದನ್ನು ಕಲಿತದ್ದು ಒಂದು ಭಾನುವಾರ ಕಳೆದುಕೊಂಡ ಮೇಲೆ. ಒಬ್ಬ ಪಿಚರ್‌ನನ್ನು ನೋಡಲು ಎರಡು ಗಂಟೆಗೂ ಜಾಸ್ತಿ ಕಾರು ಓಡಿಸಿಕೊಂಡು ಸ್ಯಾಕ್ರಮೆಂಟೊಗೆ ಹೋದೆ. ಅವನನ್ನು ಅವತ್ತು ಬೆಳಿಗ್ಗೆಯೇ ಮೇಲಕ್ಕೆ ಕರೆಸಿಕೊಂಡಿದ್ದರು. ರಿಚ್ಮಂಡ್ ಪಂದ್ಯಗಳು ನಮ್ಮ ಮಧ್ಯಾಹ್ನ ಮೂರೂವರೆಗೆ ಶುರುವಾಗುತ್ತವೆ. ಅವನ್ನು ಕೆಲಸ ಮುಗಿಸಿ ರಾತ್ರಿ ಹಾಕಿಕೊಂಡು, ನನಗೆ ಬೇಕಾದವನ ಸರದಿ ಬಂದಾಗ ಮಾತ್ರ ನೋಡುತ್ತೇನೆ.

ದುಡ್ಡಿನ ಮಾತು ಹೇಳದೆ ಈ ಹುಡುಗರ ಬಗ್ಗೆ ಬರೆಯುವುದು ಸರಿಯಲ್ಲ. 2022ರವರೆಗೆ ಸ್ಯಾನ್ ಹೋಸೆ ಹಂತದ ಆಟಗಾರನಿಗೆ ವರ್ಷಕ್ಕೆ ಸುಮಾರು 11,000 ಡಾಲರ್. ಈ ಊರಿನಲ್ಲಿ ಅಷ್ಟು ದುಡ್ಡು ಕೆಲವು ತಿಂಗಳ ಬಾಡಿಗೆಗೇ ಮುಗಿಯುತ್ತದೆ. 2022ರಿಂದ ಕ್ಲಬ್‌ಗಳೇ ಮನೆ ಕೊಡಬೇಕಾಯಿತು. 2023ರಲ್ಲಿ ಆಟಗಾರರ ಸಂಘ ಮೊದಲ ಸಲ ಒಪ್ಪಂದ ಮಾಡಿಕೊಂಡು ಸಂಬಳವನ್ನು 26,200ಕ್ಕೆ ಏರಿಸಿತು. ಅದೇ ಒಪ್ಪಂದದಲ್ಲಿ ಒಂದು ಕ್ಲಬ್ ಇಟ್ಟುಕೊಳ್ಳಬಹುದಾದ ಹುಡುಗರ ಸಂಖ್ಯೆ 180ರಿಂದ 165ಕ್ಕೆ ಇಳಿಯಿತು. ಪ್ರತಿ ಮಾರ್ಚ್‌ನಲ್ಲಿ ಬಿಡುಗಡೆಯಾದವರ ಹೆಸರು ಬರುತ್ತವೆ. ನಾನು ನೋಟ್‌ಬುಕ್ ತೆಗೆದು ಆ ಪುಟಗಳ ಮೂಲೆಯಲ್ಲಿ ದಿನಾಂಕ ಬರೆಯುತ್ತೇನೆ. ಪುಟ ಹರಿಯುವುದಿಲ್ಲ. ಒಮ್ಮೆ ನನ್ನ ಮುಂದಿನ ಸಾಲಿನಲ್ಲಿ ವೆನೆಜುವೆಲಾದಿಂದ ಬಂದ ತಂದೆ ತಾಯಿ ಕೂತಿದ್ದರು. ಮಗ ಎಂಟನೇ ಇನ್ನಿಂಗ್ಸ್‌ನಲ್ಲಿ ಬಂದು ಹದಿನಾಲ್ಕು ಚೆಂಡು ಎಸೆದ. ಅಮ್ಮ ಅಷ್ಟೂ ಹೊತ್ತು ನಿಂತೇ ಇದ್ದರು. ಮುಂದಿನ ವರ್ಷ ಆ ಹುಡುಗ ತಂಡದಲ್ಲಿರಲಿಲ್ಲ. ಅವನ ಪುಟದಲ್ಲಿ ಆ ಹದಿನಾಲ್ಕೂ ಚೆಂಡು ಇವೆ.

ಇನ್ನು ಕೈಲ್ ಹ್ಯಾರಿಸನ್. ಅವನು ನಮ್ಮ ಕಡೆಯ ಹುಡುಗನೇ, ಇಲ್ಲೇ ಕಾನ್‌ಕರ್ಡ್‌ನಲ್ಲಿ ಹೈಸ್ಕೂಲ್ ಆಡಿದವನು. 2020ರ ಡ್ರಾಫ್ಟ್‌ನಲ್ಲಿ ಮೂರನೇ ಸುತ್ತು. 2021ರಲ್ಲಿ ಸ್ಯಾನ್ ಹೋಸೆಗೆ ನೂರಕ್ಕಿಂತ ಒಂದು ಚೂರು ಕಡಿಮೆ ಇನ್ನಿಂಗ್ಸ್ ಎಸೆದು 157 ಸ್ಟ್ರೈಕೌಟ್ ಮಾಡಿದ, ಅಂದರೆ ಅಷ್ಟು ಸಲ ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ನಲ್ಲಿ ಔಟ್ ಮಾಡಿದ. 52 ವಾಕ್ ಕೂಡ ಕೊಟ್ಟ, ಅಂದರೆ ನಾಲ್ಕು ಬಾಲ್ (ಗುರಿ ತಪ್ಪಿದ ಎಸೆತ) ಹಾಕಿ ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟುಕೊಟ್ಟ. ಎಡಗೈಯನ್ನು ತೀರಾ ಪಕ್ಕದಿಂದ ಬೀಸುತ್ತಿದ್ದ. ಬ್ಯಾಟರ್‌ಗಳಿಗೆ ಚೆಂಡು ತಡವಾಗಿ ಕಾಣುತ್ತಿತ್ತು. ಅವನ ಪುಟದಲ್ಲಿ ಅತಿ ಹೆಚ್ಚು ಸಲ ಬರೆದ ಸಾಲು "ಮೂರು ಬಾಲ್ ಆದರೂ ಮುಖ ಬದಲಾಗಲ್ಲ." ಮರುವರ್ಷ ಯೂಜೀನ್, ರಿಚ್ಮಂಡ್ ಸೇರಿ 113 ಇನ್ನಿಂಗ್ಸ್‌ನಲ್ಲಿ 186 ಸ್ಟ್ರೈಕೌಟ್.

2023ರ ಆಗಸ್ಟ್ 22ರಂದು ಫಿಲಡೆಲ್ಫಿಯಾದಲ್ಲಿ ಜೈಂಟ್ಸ್‌ಗೆ ಅವನ ಮೊದಲ ಪಂದ್ಯ. ಆರು ದಿನದ ನಂತರ, ಆಗಸ್ಟ್ 28ರಂದು, ಜೈಂಟ್ಸ್‌ನ ಮೈದಾನ ಓರಕಲ್ ಪಾರ್ಕ್‌ನಲ್ಲಿ ಸಿನ್ಸಿನಾಟಿ ವಿರುದ್ಧ. ನಾನು ಟಿಕೆಟ್ ತೆಗೆದುಕೊಂಡು ಹೋಗಿದ್ದೆ, ನೋಟ್‌ಬುಕ್ ಕೂಡ ಒಯ್ದಿದ್ದೆ. ಆರು ಇನ್ನಿಂಗ್ಸ್ ಮುಗಿಸಿ ಏಳನೆಯದರಲ್ಲೂ ಒಬ್ಬನನ್ನು ಔಟ್ ಮಾಡಿ ಹೊರಟಾಗ ಹನ್ನೊಂದು ಸ್ಟ್ರೈಕೌಟ್, ಒಂದೂ ರನ್ ಕೊಟ್ಟಿರಲಿಲ್ಲ. ಇಡೀ ಮೈದಾನ ಎದ್ದು ನಿಂತಿತು. ನನಗೆ ಬರೆಯಲು ಆಗಲಿಲ್ಲ, ಕೈ ನಡುಗುತ್ತಿತ್ತು. ಮನೆಗೆ ಹೋಗುವ ರೈಲಿನಲ್ಲಿ ಬರೆದೆ.

2025ರ ಜೂನ್ 15ರಂದು ರಾಫಾಯೆಲ್ ಡೆವರ್ಸ್‌ಗಾಗಿ ಅವನನ್ನು ಬಾಸ್ಟನ್‌ಗೆ ಕೊಟ್ಟರು. ಕ್ಲಬ್‌ಗೆ ದೊಡ್ಡ ಬ್ಯಾಟರ್ ಬೇಕಿತ್ತು, ಅದು ನನಗೂ ಅರ್ಥವಾಗುತ್ತದೆ. ಆ ರಾತ್ರಿ ಪುಟ ತೆಗೆದೆ. ಮೇಲ್ತುದಿಯಲ್ಲಿ ಸ್ಯಾನ್ ಹೋಸೆ, ಯೂಜೀನ್, ರಿಚ್ಮಂಡ್, ಸ್ಯಾಕ್ರಮೆಂಟೊ, ಸ್ಯಾನ್ ಫ್ರಾನ್ಸಿಸ್ಕೋ ಅಂತ ಸಾಲಾಗಿ ಬರೆದಿದ್ದೆ. ಅದರ ಮುಂದೆ ಬಾಸ್ಟನ್ ಅಂತ ಸೇರಿಸಿದೆ. ಈಗ ಅವನು ಎಸೆಯುವ ದಿನ ಸ್ಯಾನ್ ಹೋಸೆಯ ಆಟ ಇಲ್ಲದಿದ್ದರೆ ಆ ಪಂದ್ಯ ಹಾಕಿಕೊಂಡು ಕೂರುತ್ತೇನೆ.