ನಂಬುವಂಥ ಕೊಲೆ: ಪತ್ತೇದಾರಿ ಧಾರಾವಾಹಿ ಬರೆದ ನನ್ನ ಅನುಭವ

ಪತ್ತೇದಾರಿ ಕಥೆ ಓದುವವರು ಕೊಲೆಯನ್ನು ತಕರಾರಿಲ್ಲದೆ ಒಪ್ಪುತ್ತಾರೆ. ಒಂದೇ ಹಳ್ಳಿಯಲ್ಲಿ ವರ್ಷಕ್ಕೆ ಮೂರು ಹೆಣ ಬಿದ್ದರೂ ಒಪ್ಪುತ್ತಾರೆ. ಅವರು ಪುಸ್ತಕ ಮುಚ್ಚಿಡುವುದು ಬೇರೆ ಕಡೆ. ರಾತ್ರಿ ತೋಟದಲ್ಲಿ ಚೀರಾಟ ಕೇಳಿದ ಹುಡುಗಿ, ಮನೆ ತುಂಬ ಜನ ಮಲಗಿರುವಾಗ ಒಬ್ಬರನ್ನೂ ಎಬ್ಬಿಸದೆ ಟಾರ್ಚ್ ಹಿಡಿದು ಹೊರಟಳು ಎಂದಾಗ. ಅವಳು ಹೋಗುವುದು ಲೇಖಕರಿಗೆ ಬೇಕಾಗಿತ್ತು, ಅವಳಿಗೆ ಬೇಕಾಗಿರಲಿಲ್ಲ. ಲಘು ಪತ್ತೇದಾರಿ ಬರಹದಲ್ಲಿ ಓದುಗರ ನಂಬಿಕೆ ಕಳಚುವುದು ಹೆಚ್ಚಾಗಿ ಇಂಥ ಸಣ್ಣ ಜಾಗಗಳಲ್ಲೇ. ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುವಾಗ ಪ್ರತಿ ಕಂತಿನಲ್ಲೂ ನಾನು ಕೇಳಿಕೊಂಡದ್ದು ಒಂದೇ: ಈ ಹೊತ್ತಿನಲ್ಲಿ ಯಾರಾದರೂ ಮೊದಲು ಏನು ಮಾಡುತ್ತಾರೆ, ಅದನ್ನು ನನ್ನ ಪಾತ್ರ ಏಕೆ ಮಾಡುತ್ತಿಲ್ಲ?

ಕಥೆಯನ್ನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಅಡಿಕೆ ಸೀಮೆಯಲ್ಲಿಟ್ಟೆ. ಕಾಲ 2024ರ ಮಳೆಗಾಲ. ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವ ಕಥೆ: ಶ್ರೀಮಂತ ಯಜಮಾನರು, ಆಸ್ತಿಯನ್ನೆಲ್ಲ ಒಬ್ಬನಿಗೇ ಬರೆದಿಟ್ಟ ಉಯಿಲು, ಆ ಉಯಿಲಿಗಾಗಿ ಅವರ ಕೊಲೆ. ಪರಿಚಯದ ವಕೀಲರೊಬ್ಬರ ಮುಂದೆ ಇದನ್ನು ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಆಸ್ತಿ ಪಿತ್ರಾರ್ಜಿತವೋ, ಸ್ವಯಾರ್ಜಿತವೋ?" ಅಲ್ಲಿಂದ ಕಥೆಯ ದಾರಿಯೇ ಬದಲಾಯಿತು. ಪಿತ್ರಾರ್ಜಿತ ತೋಟದಲ್ಲಿ ಯಜಮಾನರು ಉಯಿಲು ಬರೆಯಬಹುದಾದದ್ದು ತಮ್ಮ ಪಾಲಿಗೆ ಮಾತ್ರ. ಮಗಳಿಗೂ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ದೇಶಕ್ಕೆಲ್ಲ ಹೇಳಿತು. ಕರ್ನಾಟಕದಲ್ಲಿ ಅಂಥದೊಂದು ತಿದ್ದುಪಡಿ 1994ರಲ್ಲೇ ಜಾರಿಗೆ ಬಂದಿತ್ತು. ಇಡೀ ತೋಟ ಒಂದು ಹಾಳೆಯಿಂದ ಒಬ್ಬನ ಕೈಸೇರುವ ಕಥೆಯನ್ನು ಪಾಲುಪಟ್ಟಿಯ ಜಗಳಗಳ ನಡುವೆ ಬೆಳೆದ ಮಲೆನಾಡಿನ ಓದುಗರು ಮೊದಲ ಕಂತಿನಲ್ಲೇ ತಿರಸ್ಕರಿಸುತ್ತಾರೆ. ಆದ್ದರಿಂದ ಯಜಮಾನರು ತಾವೇ ದುಡಿದು ಕೊಂಡ ಸ್ವಲ್ಪ ಜಮೀನನ್ನು ಮಾತ್ರ ಜಗಳಕ್ಕಿಟ್ಟೆ. ಆಸೆ ಚಿಕ್ಕದಾದಷ್ಟೂ ಕೊಲೆಗಾರನ ಮುಖ ಸ್ಪಷ್ಟವಾಗುತ್ತ ಬಂತು.

ಉಯಿಲಿನ ಕಾನೂನು ಇನ್ನೂ ದೊಡ್ಡ ಉಪಕಾರ ಮಾಡಿತು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಸ್ಟ್ಯಾಂಪ್ ಹಾಳೆಯೂ ಬೇಕಿಲ್ಲ. ಬೇಕಾದದ್ದು ಬರೆಸಿದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳು. ಮುಂದೆ ಕೋರ್ಟಿನಲ್ಲಿ ಉಯಿಲನ್ನು ರುಜುವಾತು ಮಾಡುವಾಗ ಸಾಕ್ಷಿ ಹಾಕಿದವರಲ್ಲಿ ಬದುಕಿರುವ ಒಬ್ಬರನ್ನಾದರೂ ಕರೆಸಿ ಕೇಳಬೇಕು. ಇಬ್ಬರೂ ತೀರಿಹೋಗಿದ್ದರೆ ಕೈಬರಹ, ಸಹಿಗಳನ್ನು ಗುರುತಿಸಿ ರುಜುವಾತು ಮಾಡಬಹುದು. ಇದನ್ನು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊಲೆಯಾಗಬೇಕಾದವರು ಯಜಮಾನರಲ್ಲ, ಸಾಕ್ಷಿ ಹಾಕಿದ ಮುದುಕ!

ಹೀಗೆ ಕಥೆ ನಿಂತಿತು. ಯಜಮಾನರು ವಯಸ್ಸಾಗಿ ತೀರಿಕೊಂಡಿದ್ದಾರೆ. 2016ರ ತಾರೀಖಿನ ಉಯಿಲೊಂದನ್ನು ಅವರ ಅಣ್ಣನ ಮಗ ಹೊರತೆಗೆಯುತ್ತಾನೆ. ಸಾಕ್ಷಿಗಳಲ್ಲಿ ಒಬ್ಬರು ಆಗಲೇ ಇಲ್ಲ. ಇನ್ನೊಬ್ಬ, ಆ ತೋಟದಲ್ಲಿ ಆಯುಷ್ಯವೆಲ್ಲ ಅಡಿಕೆ ಕೊನೆ ಕೊಯ್ದ ಮುದುಕ, ಕೋರ್ಟಿಗೆ ಹೋಗುವ ಮೊದಲೇ ಕೆರೆಯಲ್ಲಿ ಹೆಣವಾಗಿ ಸಿಗುತ್ತಾನೆ. ಬದುಕಿದ್ದರೆ ಅವನು ಬಾಯಿಬಿಡುತ್ತಿದ್ದ. ಸತ್ತರೆ ಅವನ ಸಹಿ ಮಾತ್ರ ಮಾತಾಡುತ್ತದೆ, ಆ ಸಹಿ ನಿಜವಾಗಿಯೂ ಅವನದೇ. ಕಾರಣ ಇಷ್ಟು ಬಿಗಿಯಾದ ಮೇಲೆ ಕೊಲೆಗಾರನನ್ನು ಹುಚ್ಚನನ್ನಾಗಿಯೋ ರಾಕ್ಷಸನನ್ನಾಗಿಯೋ ಮಾಡುವ ಅಗತ್ಯ ಬೀಳಲಿಲ್ಲ.

ಪತ್ತೆ ಹಚ್ಚುವವರು ಯಾರು ಎಂಬುದಕ್ಕೆ ಹೆಚ್ಚು ಸಮಯ ಕೊಟ್ಟೆ. ಲಘು ಪತ್ತೇದಾರಿಯಲ್ಲಿ ಅತಿ ದುರ್ಬಲ ಪಾತ್ರವೆಂದರೆ ಎಲ್ಲ ಮನೆಗಳಿಗೂ ನುಗ್ಗುವ, ಯಾರೂ "ನೀನ್ಯಾರು?" ಎಂದು ಕೇಳದ ಹವ್ಯಾಸಿ ಪತ್ತೇದಾರ. ನನ್ನ ನಾಯಕಿಗೆ ಕೊಲೆಯ ಹತ್ತಿರ ಸುಳಿಯುವಂಥ ಕೆಲಸವೇ ಬೇಕಿತ್ತು. ಉಪನೋಂದಣಿ ಕಚೇರಿಯ ಎದುರಿನ ಪತ್ರ ಬರಹಗಾರರ ಅಂಗಡಿಯಲ್ಲಿ ಅವಳನ್ನು ಟೈಪಿಸ್ಟ್ ಮಾಡಿದೆ. ಊರಿನ ಪಹಣಿ, ಖಾತೆ, ಋಣಭಾರ ಪತ್ರಗಳೆಲ್ಲ ಅವಳ ಮೇಜಿನ ಮೇಲೆ ತಾವಾಗಿಯೇ ಬರುತ್ತವೆ. ಯಾರ ಮನೆಗೂ ಕದ್ದು ಹೋಗಬೇಕಿಲ್ಲ.

ಈ ಕೆಲಸ ಗೊತ್ತಾಗಲೆಂದು ಅಂಥ ಕಚೇರಿಗಳ ಎದುರಿನ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತಿದ್ದೇನೆ. ಅಲ್ಲೇ ಸಿಕ್ಕಿತು ಕಥೆಯ ಮುಖ್ಯ ಸುಳಿವು. ಇ-ಸ್ಟ್ಯಾಂಪ್ ಹಾಳೆಯ ನೆತ್ತಿಯ ಮೇಲೆ ಅದನ್ನು ಕೊಟ್ಟ ದಿನಾಂಕ, ವೇಳೆ ಎರಡೂ ಮುದ್ರಿತವಾಗಿರುತ್ತವೆ. ಹಳೆಯ ತಾರೀಖು ಹಾಕಿ ಉಯಿಲು ಸೃಷ್ಟಿಸುವವನು ಅಂಥ ಹಾಳೆಯನ್ನು ಮುಟ್ಟುವಂತಿಲ್ಲ, ಬಿಳಿ ಹಾಳೆಗೇ ಹೋಗಬೇಕು. ಬಿಳಿ ಹಾಳೆಯ ಉಯಿಲು ಕಾನೂನಿನ ಪ್ರಕಾರ ಸರಿಯೇ, ಅದರಲ್ಲಿ ಲೋಪವಿಲ್ಲ. ಆದರೆ ನನ್ನ ಯಜಮಾನರು ಕೈಸಾಲವನ್ನೂ ಸ್ಟ್ಯಾಂಪ್ ಹಾಳೆಯ ಮೇಲಿಲ್ಲದೆ ಕೊಟ್ಟವರಲ್ಲ, ದನ ಮಾರಿದರೂ ಕರಾರು ಬರೆಸಿದವರು. ಅಂಥವರು ಜೀವನದ ಅತಿ ದೊಡ್ಡ ಪತ್ರವನ್ನು ಬಿಳಿ ಹಾಳೆಯ ಮೇಲೆ ಬರೆಸಿದರೇ? ನಾಯಕಿಗೆ ಅನುಮಾನ ಹುಟ್ಟುವುದು ಇಲ್ಲಿ. ಅವರ ಸಹಿ ಅಸಲಿಯೇ. ಸೊಸೈಟಿ ಸಾಲದ ಕಾಗದಗಳ ಜೊತೆ ಅವರು ನಂಬಿ ಸಹಿ ಹಾಕಿಕೊಟ್ಟ ಖಾಲಿ ಹಾಳೆ ಅದು. ಭೂತಗನ್ನಡಿ ಹಿಡಿದ ಪತ್ತೇದಾರನೂ ಬೇಡ, ಗುಪ್ತ ಲಿಪಿಯೂ ಬೇಡ. ಸುಳಿವು ಮನುಷ್ಯನ ಸ್ವಭಾವದಿಂದ ಹುಟ್ಟಿದರೆ ಓದುಗರು ಅದನ್ನು ಕಣ್ಣೆದುರೇ ಕಂಡಿರುತ್ತಾರೆ, ಆದರೂ ದಾಟಿ ಹೋಗಿರುತ್ತಾರೆ. ಇದಕ್ಕಾಗಿ ಮೂರನೆಯ ಕಂತಿನಲ್ಲೇ ಯಜಮಾನರ ದನದ ಕರಾರನ್ನು ವಿವರವಾಗಿ ಬರೆದಿಟ್ಟೆ.

ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಬಗೆಯ ಬರಹಕ್ಕೆ ಹತ್ತು ನಿಯಮಗಳನ್ನು ಬರೆದರು. ಆಕಸ್ಮಿಕವೊಂದು ಪತ್ತೇದಾರನಿಗೆ ನೆರವಾಗಬಾರದು, ಕಾರಣವಿಲ್ಲದ ಒಳಮನಸ್ಸಿನ ಅನಿಸಿಕೆ ಕೊನೆಗೆ ನಿಜವಾಗಬಾರದು ಎಂಬುದು ಅವುಗಳಲ್ಲಿ ಒಂದು. ನಾನು ಗೋಡೆಗೆ ಅಂಟಿಸಿಕೊಂಡಿರುವುದು ಇದನ್ನು ಮಾತ್ರ. "ಅವಳಿಗೇಕೋ ಅನ್ನಿಸಿತು" ಎಂಬ ವಾಕ್ಯ ನನ್ನ ಕರಡಿನಲ್ಲಿ ಬಂದರೆ ಹೊಡೆದುಹಾಕುತ್ತೇನೆ.

ಅನುಮಾನ ಬಂದ ಕೂಡಲೇ ಅವಳು ಪೊಲೀಸರಿಗೆ ಏಕೆ ಹೇಳಲಿಲ್ಲ? ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಈ ಪ್ರಶ್ನೆ. ಹೇಳಿದರೆ ಏಳನೆಯ ಕಂತಿಗೇ ಕಥೆ ಮುಗಿಯುತ್ತದೆ. "ಸಾಕ್ಷ್ಯ ಸಿಗಲಿ ಎಂದು ಕಾದಳು" ಎಂಬ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಕಾಯುವುದು ಕಥೆಗಳಲ್ಲಿ ಮಾತ್ರ. ಉತ್ತರ ಆ ಹಾಳೆಯ ಬುಡದಲ್ಲೇ ಇತ್ತು. ಪತ್ರದ ಕೊನೆಯಲ್ಲಿ ಬರೆದವರು ಬಿಕ್ಕಲಂ ಎಂದು ಸಹಿ ಹಾಕುತ್ತಾರೆ. ಈ ಉಯಿಲಿನ ಬಿಕ್ಕಲಂ ಅವಳ ಅಂಗಡಿಯ ಯಜಮಾನರದೇ, ತಂದೆ ಹೋದ ಮೇಲೆ ಅವಳಿಗೆ ಕೆಲಸ ಕೊಟ್ಟು ತಮ್ಮನ ಓದಿನ ಖರ್ಚು ನೋಡಿಕೊಂಡ ಪತ್ರ ಬರಹಗಾರರದು. ಬಾಯಿಬಿಟ್ಟರೆ ಅವರ ಪರವಾನಗಿ ಹೋಗುತ್ತದೆ, ಅವರು ಜೈಲಿಗೂ ಹೋಗಬಹುದು. ಅವಳು ಎರಡು ಕಂತು ಸುಮ್ಮನಿದ್ದಳು. ಆ ಎರಡು ಕಂತುಗಳಿಗೆ ಬಂದಷ್ಟು ಪತ್ರಗಳು ಬೇರೆ ಯಾವುದಕ್ಕೂ ಬರಲಿಲ್ಲ. "ಹೇಳಿಬಿಡು ತಾಯಿ" ಎಂದು ಕೆಲವರು, "ಅನ್ನ ಕೊಟ್ಟವರನ್ನು ಹೇಗೆ ಹಿಡಿದುಕೊಡುತ್ತಾಳೆ?" ಎಂದು ಇನ್ನು ಕೆಲವರು. ಅವಳು ನಂಬುವಂಥ ಹೆಣ್ಣುಮಗಳಾದಳು ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿರಲಿಲ್ಲ.

ಪೊಲೀಸರನ್ನು ದಡ್ಡರನ್ನಾಗಿ ಮಾಡುವ ಚಾಳಿ ನಮ್ಮ ಪತ್ತೇದಾರಿ ಬರಹಕ್ಕೆ ಹಳೆಯದು. ನಾಯಕಿ ಬುದ್ಧಿವಂತೆ ಎಂದು ತೋರಿಸಲು ಸಬ್‌ಇನ್‌ಸ್ಪೆಕ್ಟರನ್ನು ಪೆದ್ದನನ್ನಾಗಿಸುವುದು ನನಗೆ ಹಿಡಿಸುವುದಿಲ್ಲ. ನನ್ನ ಸಬ್‌ಇನ್‌ಸ್ಪೆಕ್ಟರ್ ಎಲ್ಲವನ್ನೂ ಕ್ರಮವಾಗಿಯೇ ಮಾಡುತ್ತಾರೆ: ಅಸ್ವಾಭಾವಿಕ ಸಾವಿನ ಪ್ರಕರಣ ದಾಖಲು, ಪಂಚರನ್ನು ಕರೆಸಿ ಶವ ಪಂಚನಾಮೆ, ಮರಣೋತ್ತರ ಪರೀಕ್ಷೆ, ಒಳಾಂಗಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುವುದು. ವರದಿಗೆ ಕಾಯಬೇಕು, ಆ ಹೊತ್ತಿಗೆ ಕೈತುಂಬ ಬೇರೆ ಪ್ರಕರಣಗಳು. ಅವರಿಗೆ ಕಾಣದ್ದು ಇವಳಿಗೆ ಕಂಡಿತು, ಏಕೆಂದರೆ ಅವರ ಮುಂದೆ ಹೆಣವಿತ್ತು, ಇವಳ ಮುಂದೆ ಕಾಗದವಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಎಂಬ ಹೊಸ ಕಾನೂನು ಬಂದು ಕೊಲೆಯ ಕಲಂ 302 ಹೋಗಿ 103 ಆದದ್ದನ್ನೂ ಸೇರಿಸಿದೆ. ಠಾಣೆಯ ಹಿರಿಯ ಹೆಡ್‌ಕಾನ್‌ಸ್ಟೆಬಲ್ ಮಾತಿನ ನಡುವೆ 302 ಎಂದೇ ಹೇಳುತ್ತಾರೆ.

ಸಾಧನಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕರವಸ್ತ್ರಕ್ಕೆ ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದರೆ ಕ್ಷಣದಲ್ಲಿ ಯಾರೂ ಬೀಳುವುದಿಲ್ಲ, ನಿಮಿಷಗಟ್ಟಲೆ ಹಿಡಿದಿರಬೇಕು. ಅಡಿಕೆ ಸೀಮೆಯ ಪ್ರತಿ ಮನೆಯಲ್ಲೂ ಕೊಳೆ ರೋಗದ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಇರುತ್ತದೆಂದು ಅದನ್ನು ಕಾಫಿಗೆ ಬೆರೆಸುವಂತಿಲ್ಲ. ಅದರ ಬಣ್ಣ, ನಾಲಿಗೆಗೆ ಹತ್ತುವ ರುಚಿ, ಬರಿಸುವ ವಾಂತಿ ಮೂರೂ ಕೂಗಿ ಹೇಳುತ್ತವೆ. ತೋಟದ ಕೋವಿಯನ್ನು ಬಳಸುವವರು ಕಥೆಯನ್ನು ಚುನಾವಣೆಯ ತಿಂಗಳಿನಲ್ಲಿ ಇಡಬಾರದು, ಪರವಾನಗಿ ಕೋವಿಗಳನ್ನು ಆಗ ಠಾಣೆಯಲ್ಲಿ ಇಡಿಸುತ್ತಾರೆ. ನಾನು ಮಳೆಗಾಲದ ಕೆರೆ, ಪಾಚಿ ಕಟ್ಟಿದ ಮೆಟ್ಟಿಲು, ಹಿಂದಿನಿಂದ ಒಂದು ನೂಕು, ಇಷ್ಟರಲ್ಲೇ ಮುಗಿಸಿದೆ.

ಕೊನೆಯ ಕಂತುಗಳಲ್ಲಿ ಜಗಲಿಯ ಮೇಲೆ ಎಲ್ಲರನ್ನೂ ಸೇರಿಸಿ, ಕೊಲೆಗಾರ ಇನ್‌ಸ್ಪೆಕ್ಟರ್ ಎದುರು ತಪ್ಪೊಪ್ಪಿಕೊಳ್ಳುವ ದೃಶ್ಯವನ್ನು ಸಂಪಾದಕರು ಬಯಸಿದ್ದರು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನಮ್ಮ ಕೋರ್ಟುಗಳು ಆರೋಪಿಯ ವಿರುದ್ಧ ರುಜುವಾತೆಂದು ತೆಗೆದುಕೊಳ್ಳುವುದಿಲ್ಲ. ಆ ದೃಶ್ಯ ಬರೆದರೆ ಕೊಲೆಗಾರ ಮಾರನೆಯ ದಿನ ವಕೀಲರ ಜೊತೆ ನಗುತ್ತ ಕೂರಬಹುದು. ಅದಕ್ಕೆ ಬದಲಾಗಿ ಕಾನೂನಿನಲ್ಲೇ ಇರುವ ಗಡುವನ್ನು ಹಿಡಿದೆ. ಕೊಲೆ ಪ್ರಕರಣದಲ್ಲಿ ಆರೋಪಿ ಬಂಧನದಲ್ಲಿರುವಾಗ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಅವನಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಅಣ್ಣನ ಮಗ ಒಳಗಿದ್ದಾನೆ, ದಿನಗಳು ಉರುಳುತ್ತಿವೆ, ಪಟ್ಟಿ ಗಟ್ಟಿಯಾಗಲು ಬಿಕ್ಕಲಂ ಹಾಕಿದವರ ಹೇಳಿಕೆ ಬೇಕು. ನಾಯಕಿ ಠಾಣೆಗೆ ಹೋಗುವುದಿಲ್ಲ, ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಪತ್ರ ಬರಹಗಾರರ ಎದುರು ಕುಳಿತು ಆ ಉಯಿಲಿನ ನಕಲನ್ನು ಮೇಜಿನ ಮೇಲಿಡುತ್ತಾಳೆ. ಅವರು ಹೇಳಿಕೆ ಕೊಡಲು ಒಪ್ಪಲು ಒಂದು ಇಡೀ ಕಂತು ತೆಗೆದುಕೊಂಡರು. ಆ ಕಂತಿನಲ್ಲಿ ಇಬ್ಬರ ಮಾತು ಬಿಟ್ಟರೆ ಬೇರೇನೂ ಇಲ್ಲ. ಸಂಪಾದಕರು ಒಂದು ಅಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕಿದರು.